ಮುಚ್ಚಿದ ಟಾರ್ಚಿನ ಬೆಳಕು

ಬೆಳಕಿನ ಒಂದೇ ಒಂದು ಕಣ, ಅಂದರೆ ಒಂದು ಫೋಟಾನ್, ಯಾವ ಕ್ಷಣಕ್ಕೆ ಬಂತೆಂದು ಅಳೆಯುವುದು ನನ್ನ ಕೆಲಸ. ಆ ಕ್ಷಣವೋ, ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಸಿಗುವ ಒಂದು ಚೂರಿನಷ್ಟು. ಅಷ್ಟು ಬೇಗ ಕಣ್ಣು ತೆರೆದು ಮುಚ್ಚುವ ಯಂತ್ರ ನಮ್ಮಲ್ಲಿಲ್ಲ. ಅದಕ್ಕೇ ಬೆಳಕಿನಿಂದಲೇ ಬಾಗಿಲು ಮಾಡಿಕೊಳ್ಳುತ್ತೇವೆ. ಲೇಸರಿನ ಜೋರು ಮಿಡಿತವೊಂದು ಹರಳಿನೊಳಗೆ ಹೊಕ್ಕ ಕ್ಷಣಕ್ಕೇ ಫೋಟಾನೂ ಬಂದು ಸೇರಿದರೆ ಅದರ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾದದ್ದನ್ನಷ್ಟೇ ಎಣಿಸುತ್ತೇವೆ.

ರಜೆಗೆ ಬೆಟಗೇರಿಯ ಮನೆಗೆ ಬಂದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಡಂಬಳದ ಮೇಲಿಂದ ಮುಂಡರಗಿಗೆ ಬಾಡಿಗೆ ಜೀಪು ಹೊಡೆಯುವ ಮನುಷ್ಯ. ಏನೂ ಬರದಿದ್ದಾಗಲೂ ನಿಮ್ಮ ಯಂತ್ರ ಬಂತು ಅಂದುಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದ. ಅನ್ನುತ್ತದೆ, ಕಗ್ಗತ್ತಲೆಯಲ್ಲೂ ಸುಳ್ಳೇ ಟಿಕ್ ಅನ್ನುತ್ತದೆ ಎಂದೆ. ಬಾಗಿಲು ತೆರೆಯುವ ಹೊತ್ತನ್ನು ಹಿಂದೆ ಮುಂದೆ ಸರಿಸಿ ನೋಡುತ್ತೇವೆ, ಆಗಲೂ ಎಣಿಕೆ ಅಷ್ಟೇ ಇದ್ದರೆ ಅದು ಬೆಳಕಲ್ಲ, ಸುಳ್ಳು ಎಂದು ವಿವರಿಸಿದೆ. ಸದಾ ತಮಾಷೆ ಮಾಡುವ ಅಪ್ಪ ಅವತ್ತು ಜೀಪು ಒರೆಸಬೇಕೆಂದು ಎದ್ದು ಹೋದ.

ಆ ವಾರ ಚಹಾದ ಕಪ್ಪು ಎರಡು ಸಲ ಅವನ ಎಡಗೈ ತಾಗಿ ಬಿತ್ತು. ಜೀಪಿನ ಎಡಮಗ್ಗುಲಿಗೆ ಉದ್ದನೆಯ ಹೊಸ ಗೀರು. ಕೇಳಿದರೆ ಎಮ್ಮೆ ತಿಕ್ಕಿತು ಎಂದ. ಪಾಪ, ಬಾಯಿಲ್ಲದ ಎಮ್ಮೆಯ ಮೇಲೆ ಹಾಕಿದರೆ ಅದೇನು ಬಂದು ಸಾಕ್ಷಿ ಹೇಳುತ್ತದೆಯೇ! ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಗದಗಿನ ಕಣ್ಣಿನ ಡಾಕ್ಟರಲ್ಲಿಗೆ ಎಳೆದುಕೊಂಡೇ ಹೋದೆ.

ಅಲ್ಲಿ ಬಿಳಿ ಬೋಗುಣಿಯಂಥ ಯಂತ್ರಕ್ಕೆ ಮುಖವಿಟ್ಟು ಕೂರಬೇಕು. ಸುತ್ತ ಎಲ್ಲಿ ಮಸುಕು ಚುಕ್ಕಿ ಮಿನುಗಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಪರದೆಯ ಈಚೆ ಕುಳಿತು ನಾನು ಆ ಸದ್ದು ಕೇಳುತ್ತಿದ್ದೆ. ಟಿಕ್, ಟಿಕ್, ಟಿಕ್. ಎಲ್ಲೂ ತಡವರಿಸದೆ, ಒಂದೇ ಸಮ. ಇಂಥ ಸದ್ದು ನನಗೆ ಚೆನ್ನಾಗಿ ಗೊತ್ತು. ಚುಕ್ಕಿ ಇಲ್ಲದಾಗಲೂ ಒತ್ತಿದ್ದಾರೆ, ಈ ಪರೀಕ್ಷೆ ನಂಬುವಂತಿಲ್ಲ, ನಾಳೆ ಮತ್ತೆ ಬನ್ನಿ ಎಂದರು ಡಾಕ್ಟರು. ಎಲ್ಲ ಕಂಡಿತು, ಅವರ ಯಂತ್ರವೇ ಕೆಟ್ಟಿದೆ ಎಂದು ಅಪ್ಪ ದಾರಿಯುದ್ದಕ್ಕೂ ವಟಗುಟ್ಟಿದ.

ಮರುದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಡಂಬಳಕ್ಕೆ ಹೋಗುವ ಮಂದಿ ಜೀಪು ಹತ್ತಿ ಕುಳಿತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು, ಅವಳ ತೊಡೆಯ ಮೇಲೆ ಅಳುವ ಕೂಸು. ಅಪ್ಪನನ್ನು ಒಳಗೆ ಕರೆದು ಕಿಟಕಿ ಮುಚ್ಚಿ, ಟಾರ್ಚು ಹಿಡಿದು ಅವನ ಎಡಕ್ಕೆ ನಿಂತೆ.

"ನೆಟ್ಟಗ ಮುಂದ ನೋಡು. ಬೆಳಕು ಕಂಡಾಗ ಹೇಳು."

ಟಾರ್ಚಿನ ಗುಂಡಿ ಟಕ್ ಅಂದಿತು. ಕಂಡಿತು ಎಂದ. ಮತ್ತೆ ಟಕ್, ಮತ್ತೆ ಕಂಡಿತು. ಆಮೇಲೆ ಟಾರ್ಚಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಗುಂಡಿ ಅದುಮಿದೆ.

"ಕಂಡ್ತು," ಎಂದ ಅಪ್ಪ. "ಮಂದಿ ಕಾಯಾಕತ್ತಾರ, ಬಿಡವ್ವಾ ಇನ್ನ."

"ಅಪ್ಪಾ, ಟಾರ್ಚ್ ಮ್ಯಾಲ ನನ್ನ ಕೈ ಐತಿ."

ಅವನು ನನ್ನತ್ತ ತಿರುಗಲಿಲ್ಲ. ಎಡಗೈ ಚಾಚಿ ಗಾಳಿಯಲ್ಲಿ ತಡಕಾಡಿ, ಟಾರ್ಚು ಹುಡುಕಿ, ಅದನ್ನು ಮುಚ್ಚಿದ್ದ ನನ್ನ ಅಂಗೈಯನ್ನು ಮುಟ್ಟಿ ನೋಡಿದ. ಹೊರಗೆ ಕೂಸು ಇನ್ನೂ ಅಳುತ್ತಿತ್ತು. ಅಪ್ಪ ಕಿಸೆಯಿಂದ ಜೀಪಿನ ಚಾವಿ ತೆಗೆದು ಅದೇ ಅಂಗೈಯಲ್ಲಿಟ್ಟ.

"ಹೋಗು, ಎಲ್ಲಾರನ್ನೂ ಇಳಸು," ಎಂದ. "ಮೊದಲ ಆ ಕೂಸಿನ ತಾಯೀನ ಇಳಸು."