ಬ್ಯಾಂಡಿನವರಿಗೊಂದು ಮೈಸೂರು ಪೇಟ

ನನ್ನ ತಮ್ಮ ಮಹೇಂದ್ರನಿಗೆ ಎರಡು ಹುಚ್ಚು. ಒಂದು, ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನದು. ಇನ್ನೊಂದು, ಕಂಡಕಂಡವರಿಗೆ ಸನ್ಮಾನ ಮಾಡುವುದು. ಎರಡೂ ಬೇರೆ ಬೇರೆಯಾಗಿ ಇದ್ದಷ್ಟು ದಿನ ಮನೆಯವರು ಹೇಗೋ ಸಹಿಸಿಕೊಂಡಿದ್ದೆವು. ಹೋದ ಚಳಿಗಾಲದ ಒಂದು ಸಂಜೆ ಅವೆರಡೂ ಒಟ್ಟಿಗೆ ಸೇರಿಕೊಂಡವು ನೋಡಿ, ಇದ್ದಬದ್ದ ಮಾನವೂ ಹೋಯಿತು.

ಬ್ಯಾಂಡಿನ ಹುಚ್ಚು ಹಿಡಿದದ್ದು ಯಲಹಂಕದಲ್ಲಿ ಪಿಯುಸಿ ಓದುವಾಗ. ಓದುವಾಗ ಅನ್ನುವುದು ಮರ್ಯಾದೆಗೆ. ಅವನು ಓದಿದ್ದನ್ನು ಯಾರೂ ಕಂಡಿಲ್ಲ. ಯಾರೋ ಗೆಳೆಯ ಒಂದು ಕ್ಯಾಸೆಟ್ ಕೊಟ್ಟ, ಅಂದಿನಿಂದ ಮನೆಯಲ್ಲಿ ಬೇರೆ ಸದ್ದೇ ಇಲ್ಲ. ಅದರಲ್ಲೂ ಒಂದು ಹಾಡು. ಮೊದಲು ಗಿಟಾರ್ ಒಂದೇ ಸಮನೆ ಗೋಳಾಡುತ್ತದೆ, ಆಮೇಲೆ ಡ್ರಮ್ಮು ಬಂದು ಅದರ ಬೆನ್ನ ಮೇಲೆ ಗುದ್ದುತ್ತದೆ. ನಮ್ಮಪ್ಪ ದೊಡ್ಡಮುನಿಯಪ್ಪ ಬಾಯಿಗೆ ಬಂದಂತೆ ಬೈದರು, ಒಮ್ಮೆ ಟೇಪ್ ರೆಕಾರ್ಡರನ್ನೇ ಎತ್ತಿ ಅಂಗಳಕ್ಕೆ ಎಸೆದರು. ಇವನು ಅದಕ್ಕೆ ದಾರ ಸುತ್ತಿ ಮತ್ತೆ ಹಾಡಿಸಿದ. ಮದುವೆಯಾಯಿತು, ಎರಡು ಮಕ್ಕಳಾದವು, ತಲೆ ಬೋಳಾಯಿತು, ಆಸೆ ಮಾತ್ರ ಅದೇ. ಸಾಯುವುದರೊಳಗೆ ಒಮ್ಮೆಯಾದರೂ ಅವರ ಎದುರಿಗೆ ನಿಂತು ಆ ಹಾಡು ಕೇಳಬೇಕು ಅನ್ನುತ್ತಿದ್ದ. ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು. ಕೇಳಿದವರಿಗೆ ನಗು ಬರುತ್ತಿತ್ತು, ನನಗೂ.

ಸನ್ಮಾನದ ಹುಚ್ಚು ಬಂದದ್ದು ಹೊಲ ಹೋಗಿ ಲೇಔಟ್ ಆದಮೇಲೆ. ನಮ್ಮ ಕಡೆಯ ಗಂಡಸರಿಗೆ ರಾಗಿ ಬೆಳೆಯುವ ಕೆಲಸ ತಪ್ಪಿದ್ದೇ ತಪ್ಪಿದ್ದು, ಎಲ್ಲರೂ ಬಿಳಿ ಶರ್ಟು ಹಾಕಿಕೊಂಡು ಮುಖಂಡರಾದರು. ಮುಖಂಡರಾದಮೇಲೆ ಯಾರಿಗಾದರೂ ಶಾಲು ಹೊದಿಸಲೇಬೇಕಲ್ಲ. ರಾಜ್ಯೋತ್ಸವಕ್ಕೆ ಬಂದ ಆರ್ಕೆಸ್ಟ್ರಾದವರಿಗೆ ಹೊದಿಸಿದರು, ಕಬಡ್ಡಿಯಲ್ಲಿ ಗೆದ್ದವರಿಗೂ ಸೋತವರಿಗೂ ಹೊದಿಸಿದರು. ಬೋರ್‌ವೆಲ್ಲಿನಲ್ಲಿ ನೀರು ಬಂತೆಂದು ಲಾರಿ ಡ್ರೈವರನಿಗೂ ಪೇಟ ತೊಡಿಸಿದ ಪುಣ್ಯಾತ್ಮರು ಇವರು. ಹೊದಿಸುವವನೊಬ್ಬ, ಅವನ ಸುತ್ತ ಒಬ್ಬರ ಹೆಗಲಿಗೊಬ್ಬರು ಕೈಹಾಕಿ ಫೋಟೋಕ್ಕೆ ಹಲ್ಲು ಕಿರಿಯುವವರು ಇಪ್ಪತ್ತು ಜನ.

ಹೀಗಿರುವಾಗ ಆ ಬ್ಯಾಂಡಿನವರು ಇನ್ನು ಹಾಡುವುದನ್ನು ನಿಲ್ಲಿಸುತ್ತೇವೆ, ಇದೇ ಕೊನೆಯ ಸುತ್ತು ಎಂದು ಸಾರಿ ಬೆಂಗಳೂರಿಗೂ ಬರುವುದಾಯಿತು. ಹಾಡುವ ಜಾಗವೋ, ಬಾಗಲೂರು ರಸ್ತೆಯ ಹೊಸ ಸ್ಟೇಡಿಯಂ. ಅದಕ್ಕೆ ಅಂಟಿಕೊಂಡೇ ನಮ್ಮದು ಮಾರದೆ ಉಳಿದ ಒಂದು ತುಂಡು ಹೊಲ. ಕಾರು ನಿಲ್ಲಿಸಲು ಆ ಹೊಲ ಬೇಕೆಂದು ಕಾರ್ಯಕ್ರಮ ನಡೆಸುವವರು ಮನೆಗೇ ಬಂದರು. ಮಹೇಂದ್ರ ಬಾಡಿಗೆ ಬೇಡವೆಂದ. ಎಲ್ಲಕ್ಕಿಂತ ಮುಂದೆ ನಿಲ್ಲುವ ಎರಡು ಟಿಕೆಟ್ ಕೊಟ್ಟರೆ ಸಾಕು ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ನಾನು ಈ ಕತೆ ಹೇಳಬೇಕಾಗಿರಲಿಲ್ಲ.

ಆದರೆ ಪಕ್ಕದಲ್ಲಿ ಅಶ್ವತ್ಥ್ ಕೂತಿದ್ದ. ಇವನು ನನ್ನ ತಮ್ಮನ ಬಾಲಬಡುಕ. ಅಣ್ಣಾ ಅಣ್ಣಾ ಅನ್ನುವುದು ಬಿಟ್ಟು ಅವನಿಗೆ ಬೇರೇನು ಕೆಲಸವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ನೆಲಕ್ಕೆ ಬಂದವರು ಬರಿಗೈಯಲ್ಲಿ ಹೋದರೆ ಊರಿಗೇನು ಮರ್ಯಾದೆ ಎಂದು ಕಿವಿ ಊದಿದ. ತಕ್ಷಣ ಮಹೇಂದ್ರನ ತಲೆಗೂ ಏರಿತು. ವೇದಿಕೆಯ ಮೇಲೆ ಐದು ನಿಮಿಷ ಸನ್ಮಾನ ಎಂದು ಷರತ್ತು ಹಾಕಿದ. ಬಂದವರಲ್ಲಿ ಆರ್.ಟಿ. ನಗರದ ಫಾಯಿಜಾ ಎಂಬ ಹುಡುಗಿಯಿದ್ದಳು, ಒಳ್ಳೆಯ ಮಾತಿನವಳು. ‘ನೋಡೋಣ ಸರ್’ ಎಂದಳು. ದೊಡ್ಡವರ ಮುಖದ ಮೇಲೆ ಆಗಲ್ಲ ಅನ್ನಲಾರದೆ ಹೇಳುವ ಮಾತು ಅದು ಎಂದು ಯಾರಿಗೆ ಗೊತ್ತಾಗುವುದಿಲ್ಲ? ಈ ಇಬ್ಬರಿಗೆ ಗೊತ್ತಾಗಲಿಲ್ಲ. ಮಾರನೆಯ ದಿನವೇ ರಸ್ತೆಯುದ್ದಕ್ಕೂ ಫ್ಲೆಕ್ಸ್ ಎದ್ದವು. ಕೈಮುಗಿದ ಮಹೇಂದ್ರ ಆಳೆತ್ತರ, ಬ್ಯಾಂಡಿನವರು ಅವನ ಮೊಣಕೈ ಹತ್ತಿರ ಅಂಗೈಯಗಲ.

ತಲೆನೋವು ಬರುತ್ತದೆಂದು ಅವನ ಹೆಂಡತಿ ಬರಲಿಲ್ಲ, ಎರಡನೆಯ ಟಿಕೆಟ್ ನನ್ನ ಪಾಲಿಗೆ ಬಂತು. ಅಯ್ಯೋ, ಆ ಜನವೇ! ಹೊಟ್ಟೆ ಬಂದ ಗಂಡಸರೆಲ್ಲ ಹುಡುಗರಾಗಿದ್ದಾಗಿನ ಕರಿ ಟೀ ಶರ್ಟಿನೊಳಗೆ ತೂರಿಕೊಂಡು ಬಂದಿದ್ದರು. ಒಂದು ಬಾಟಲಿ ನೀರಿಗೆ ಮದುವೆ ಊಟದಷ್ಟು ದೊಡ್ಡ ಸಾಲು. ನನ್ನ ತಮ್ಮನೂ ಕರಿ ಟೀ ಶರ್ಟಿನವನೇ, ಆದರೆ ಸನ್ಮಾನಕ್ಕೆ ಇರಲಿ ಎಂದು ಮೇಲೊಂದು ಬಿಳಿ ರೇಷ್ಮೆ ಶರ್ಟು. ಮುಂದಿನ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ದೀಪ ಆರಿ ಮತ್ತೆ ಹತ್ತಿದಾಗ ವೇದಿಕೆಯ ಮೇಲೆ ತಲೆಗೆ ಬಣ್ಣ ಹಚ್ಚಿದ ನಾಲ್ಕು ಜನ ಮುದುಕರು. ಮೊದಲ ಏಟಿಗೇ ನನ್ನ ಎದೆ ಅದುರಿತು. ಪಕ್ಕಕ್ಕೆ ತಿರುಗಿದೆ. ಮಹೇಂದ್ರ ಮಗುವಿನ ಹಾಗೆ ಅಳುತ್ತಿದ್ದ. ಅಷ್ಟು ಸಂತೋಷವಾಗಿ ಅವನಿದ್ದುದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

ಎರಡು ಹಾಡು ಮುಗಿದಿರಬೇಕು, ಕಾರು ನಿಲ್ಲಿಸುವ ಹೊಲದ ನೆಪ ಹೇಳಿ ಒಳಗೆ ನುಗ್ಗಿದ್ದ ಅಶ್ವತ್ಥ್ ಜನರನ್ನು ತಳ್ಳಿಕೊಂಡು ಬಂದ. ವೇದಿಕೆಯ ಹಿಂದೆ ಕರೆಯುತ್ತಿದ್ದಾರೆ, ಈಗಲೇ ಬರಬೇಕಂತೆ ಎಂದ. ಯಾರೂ ಕರೆದಿರಲಿಲ್ಲ, ಆಮೇಲೆ ತಿಳಿಯಿತು.

‘ಎಲ್ಲಿಗೋ ಓಗೋದು? ನಿಂತ್ಕೊ ಇಲ್ಲೇ’ ಎಂದು ನಾನು ತೋಳು ಹಿಡಿದೆ.

‘ಆ ಹಾಡನ್ನ ಯಾವಾಗ್ಲೂ ಕೊನೇಲೇ ಹಾಡೋದು ಅಕ್ಕ. ಅಷ್ಟ್ರಲ್ಲಿ ಬಂದ್ಬಿಡ್ತೀನಿ’ ಎಂದು ಕಂಬಿ ಬಿಟ್ಟು ಹೋದ.

ವೇದಿಕೆಯ ಹಿಂದೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಜನರೇಟರ್ ಪಕ್ಕದ ಒಂದು ತಗಡಿನ ಕೋಣೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಸಮೇತ ಇವರನ್ನು ಕೂರಿಸಿದರಂತೆ. ಹೊರಗೆ ಜನರೇಟರ್ ಗುರ್ ಅನ್ನುವುದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲವಂತೆ. ಫಾಯಿಜಾ ಬಂದು, ಬ್ಯಾಂಡಿನವರು ಇಳಿದವರೇ ಕಾರು ಹತ್ತುತ್ತಾರೆ, ಯಾರನ್ನೂ ಹತ್ತಿರ ಬಿಡುವುದಿಲ್ಲ, ದಯವಿಟ್ಟು ಮುಂದೆ ಹೋಗಿ ಹಾಡು ಕೇಳಿ ಸರ್ ಎಂದು ಕೈಮುಗಿದು ಬೇಡಿಕೊಂಡಳಂತೆ. ಆಗಲಾದರೂ ಎದ್ದು ಬರಬಹುದಿತ್ತು. ಆದರೆ ಅಶ್ವತ್ಥ್, ಫ್ಲೆಕ್ಸ್ ಹಾಕಿಸಿಬಿಟ್ಟಿದ್ದೇವೆ, ನಾಳೆ ಊರಿಗೆ ಏನು ಮುಖ ತೋರಿಸುತ್ತೀರಿ ಅಣ್ಣಾ ಎಂದ. ಅದು ನಾಟಿತು. ಜೀವಮಾನವೆಲ್ಲ ಕಾದ ಸಂಜೆಯಲ್ಲಿ ನನ್ನ ತಮ್ಮ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಗಡಿನ ಕೋಣೆಯಲ್ಲಿ ಕೂತ.

ಕೊನೆಗೆ ಕರಿ ಕಾರುಗಳು ಸಾಲಾಗಿ ಹೊರಟುಹೋದವು. ಇವರ ಕಡೆ ಒಬ್ಬರೂ ತಿರುಗಿ ನೋಡಲಿಲ್ಲವಂತೆ.

ಜನರ ಮಧ್ಯೆ ನುಸುಳಿಕೊಂಡು ನಾನು ಹಿಂದಿನ ಗೇಟಿಗೆ ಬಂದಾಗ ಕಂಡದ್ದನ್ನು ಏನೆಂದು ಹೇಳಲಿ. ತಂದ ಸಾಮಾನು ದಂಡವಾಗಬಾರದೆಂದು ಅಶ್ವತ್ಥ್ ಆ ಶಾಲನ್ನು ಮಹೇಂದ್ರನಿಗೇ ಹೊದಿಸಿದ್ದ, ಆ ಪೇಟವನ್ನು ಮಹೇಂದ್ರನಿಗೇ ತೊಡಿಸಿದ್ದ. ಕಾರ್ಯಕ್ರಮದ ಯಶಸ್ಸಿಗೆ ಕಾರಣರಾದ ಅಣ್ಣನವರು ಎಂದು ಅವನ ಕಡೆಯ ಹುಡುಗರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅಣ್ಣನವರು ಹಲ್ಲು ಬಿಟ್ಟುಕೊಂಡು ಫೋಟೋಕ್ಕೆ ನಿಂತಿದ್ದರು. ನಾಚಿಕೆಯಿಂದ ನನಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕಾರಿನ ಸ್ಟೇರಿಂಗ್ ಮುಂದೆ ಕೂರಿಸಿದೆ.

ಬಾಗಲೂರು ಕ್ರಾಸಿನವರೆಗೂ ಕಾರುಗಳು ಕದಲುತ್ತಿರಲಿಲ್ಲ. ಅವನು ಪೇಟ ತೆಗೆದು ಹಿಂದಿನ ಸೀಟಿಗೆ ಹಾಕಿದ. ಆಮೇಲೆ ಕೇಳಿದ.

‘ಅಕ್ಕ, ಆ ಹಾಡು ಹಾಡಿದ್ರಾ?’

‘ಹಾಡಿದ್ರು. ನೀನು ಅತ್ಲಾಗೆ ಓದ್ಮೇಲೆ ಮುಂದಿನ ಹಾಡೇ ಅದು.’

ಸುಳ್ಳು ಹೇಳಬಹುದಿತ್ತು. ಹೇಳಬೇಕು ಅನ್ನಿಸಲಿಲ್ಲ, ಅಷ್ಟು ಹೊಟ್ಟೆ ಉರಿದಿತ್ತು. ಅವನು ಸ್ಟೇರಿಂಗ್ ಮೇಲೆ ಹಣೆಯಿಟ್ಟ. ಹಿಂದಿನವರು ಹಾರ್ನ್ ಬಾರಿಸಿದರು.

‘ಜನ ಜೊತೇಲಿ ಹಾಡಿದ್ರಾ?’

‘ಸ್ಟೇಡಿಯಂಗೆ ಸ್ಟೇಡಿಯಮ್ಮೇ ಹಾಡ್ತು. ನಾನೂ ಹಾಡ್ದೆ.’

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಇಂಗ್ಲಿಷ್ ಬಾರದು. ಆದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನನ್ನ ಬಾಯಿ ತಾನೇ ತಾನಾಗಿ ಹಾಡಿತ್ತು, ಒಂದು ಕಡೆಯೂ ತಡವರಿಸದೆ.

‘ನಿಂಗೆ ಎಂಗಕ್ಕ ಬಂತು?’ ಎಂದ.

‘ಎಂಗೆ ಅಂದ್ರೆ? ದಿನಾ ಹಾಕ್ತಿದ್ದೋನು ನೀನೇ ಅಲ್ವೇನೋ.’