ಗುಜರಿಯವನ ಪಾಲು

ಗ್ಯಾರೇಜು ನಡೆಸುವ ನಮ್ಮ ದೊಡ್ಡತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಮೂರು ಲಕ್ಷ ಕಿಲೋಮೀಟರ್ ಓಡಿದ್ದ ಅಪ್ಪನ ವ್ಯಾನಿನಲ್ಲಿ ಆಯಿಲ್ ಪ್ರೆಶರಿನ ಕೆಂಪು ದೀಪ ಹತ್ತಿಕೊಂಡಿತು. ಇಂಜಿನ್ನಿನ ಕಥೆ ಮುಗಿಯಿತೆಂದು ಅಪ್ಪ ಕೈಚೆಲ್ಲಿ, ಗುಜರಿಯವನನ್ನು ಮನೆಗೇ ಕರೆಸಿದ. ಸುದ್ದಿ ಕೇಳಿದ ಅತ್ತೆ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಬಂದೇಬಿಟ್ಟಳು.

"ನಾಡಿ ನೋಡೋಕೆ ಮುಂಚೇನೇ ಹೆಣ ಹೊರೋಕೆ ಜನ ಕರೆದಿದ್ದೀಯಲ್ಲೋ!" ಎಂದು ತಮ್ಮನ ಮೇಲೆ ಹರಿಹಾಯ್ದಳು.

ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದಳು, ಆಯಿಲ್ ಸಾಕಷ್ಟಿತ್ತು. ಆಮೇಲೆ ಆ ದೀಪ ಹೊತ್ತಿಸುವ, ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚನ್ನು ಇಂಜಿನ್ನಿನಿಂದ ಬಿಚ್ಚಿ, ಅದೇ ತೂತಿಗೆ ಪ್ರೆಶರ್ ಅಳೆಯುವ ತನ್ನ ಮುಳ್ಳಿನ ಗೇಜು ಕೂರಿಸಿದಳು. ಇಂಜಿನ್ ಚಾಲು ಮಾಡುತ್ತಲೇ ಮುಳ್ಳು ಮೇಲೇರಿತು. ಅಪ್ಪನ ಮುಖ ಅರಳಿತು.

"ತಡಿಯೋ. ತಣ್ಣಗಿದ್ದಾಗ ಎಲ್ಲರೂ ಒಳ್ಳೆಯವರೇ. ಬಿಸಿಯಾದಾಗ ನೋಡ್ಬೇಕು."

ಅಪ್ಪ ತನ್ನ ಅಕ್ಕನ ಮುಖ ನೋಡಿ ನಗು ನುಂಗಿಕೊಂಡ.

ಇಂಜಿನ್ ಚೆನ್ನಾಗಿ ಕಾಯಿತು. ಮುಳ್ಳು ಕೊಂಚ ಇಳಿದು, ಇರಬೇಕಾದ ಜಾಗದಲ್ಲೇ ಗಟ್ಟಿಯಾಗಿ ನಿಂತಿತು. ಇಂಜಿನ್ ಸರಿಯಾಗೇ ಇತ್ತು, ಸುಳ್ಳು ಹೇಳಿದ್ದು ಸ್ವಿಚ್ಚು!

"ಅಕ್ಕಾ, ಗೆದ್ದುಬಿಟ್ಟೆ!" ಎಂದು ಅಪ್ಪ ಕುಣಿದಾಡಿದ.

ಅತ್ತೆ ಮಾತ್ರ ವ್ಯಾನು ಎಳೆದೊಯ್ಯಲು ಹಗ್ಗ ಹಿಡಿದು ನಿಂತಿದ್ದ ಗುಜರಿಯವನ ಅಂಗೈಯಲ್ಲಿ ಆ ಸ್ವಿಚ್ಚನ್ನು ಇಟ್ಟಳು.

"ಬರಿಗೈಲಿ ಹೋಗ್ಬೇಡಪ್ಪಾ. ಈ ಗಾಡೀಲಿ ಗುಜರಿ ಅಂತ ಇರೋದು ಇದೊಂದೇ."