ಎಲೆಗೆ ಅಡ್ಡ ಹಿಡಿದ ಕೈ

ಹೋದ ಭಾನುವಾರ ಎಡಿಸನ್ ಊರಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಡಿಸಲು ನಿಂತಿದ್ದ ಉತ್ಸಾಹಿಯೊಬ್ಬರು ನನ್ನ ಪೇಪರ್ ಪ್ಲೇಟಿನ ಮೇಲೆ ಹೋಳಿಗೆ ಹಿಡಿದು, “ಒಂದೇ ಒಂದು ಆಂಟಿ, ನನಗೋಸ್ಕರ” ಎಂದರು. ಸಾಕು ಎಂದೆ. ಕೇಳಬೇಕಲ್ಲ! ನಿಮಗೂ ಗೊತ್ತಿರುವುದೇ: ನಮ್ಮವರಲ್ಲಿ ಮೊದಲನೆಯ ಸಾಕು ಸಂಕೋಚ, ಎರಡನೆಯದು ಮರ್ಯಾದೆ. ಎಲೆಗೆ ಕೈ ಅಡ್ಡ ಹಿಡಿದರೆ ಮಾತ್ರ ನಿಜವಾದ ಸಾಕು. ಕೈ ಅಡ್ಡ ಹಿಡಿದೆ. ಹೋಳಿಗೆ ಇನ್ನೂ ಗಾಳಿಯಲ್ಲೇ ಇತ್ತು. ನನಗೆ ಮಾಸ್ತರರ ನೆನಪಾಯಿತು.

ಅರವತ್ತರ ದಶಕದ ಕೊನೆಗೆ ಮೈಸೂರಿನಿಂದ ಈ ದೇಶಕ್ಕೆ ಬಂದ ನಾನು ಜರ್ಸಿ ಸಿಟಿಯ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ಆಗಿದ್ದೆ. ಸೀರೆಯ ಮೇಲೆ ಬಿಳಿ ಕೋಟು. ಯಾವ ರೋಗಿ ಎಷ್ಟು ತಿಂದ, ಎಷ್ಟು ಕುಡಿದ ಎಂದು ಚಾರ್ಟ್ ನೋಡುವುದು ನನ್ನ ಕೆಲಸ. ಟ್ರೇ ಖಾಲಿಯಾಗಿ ಬಂದರೆ ಪರೀಕ್ಷೆ ಪಾಸಾದಷ್ಟು ಖುಷಿ. ಒಬ್ಬ ಮುದುಕಿ ನನಗೆ ಹೆದರಿ ದಿನವೂ ಕಸ್ಟರ್ಡನ್ನು ಹೂಕುಂಡಕ್ಕೆ ಸುರಿಯುತ್ತಿದ್ದಳೆಂದು ಗಿಡ ಸತ್ತ ಮೇಲೆಯೇ ನನಗೆ ತಿಳಿದದ್ದು.

ಮಾಸ್ತರರು ಧಾರವಾಡದವರು. ಮಗ ವಸಂತನನ್ನು ನೋಡಲು ಬಂದವರಿಗೆ ಇಲ್ಲಿ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಗಿ, ಕೈ ಮೀರಿತ್ತು. ಕನ್ನಡ ಬಲ್ಲವಳೆಂದು ನನ್ನನ್ನೇ ಊಟ ಮಾಡಿಸಲು ಕರೆದರು. ಎರಡು ಚಮಚ ಸೂಪಿಗೆ “ಸಾಕವಾ ತಂಗಿ” ಎನ್ನುವರು. ನಾನು ಬಿಡುವವಳೇ? “ಇನ್ನೊಂದೇ ಒಂದು ಮಾಸ್ತರ್ರೇ” ಎಂದು ಉಪಚಾರ ಮಾಡಿ ಮೂರನೆಯದನ್ನೂ ಹಾಕುತ್ತಿದ್ದೆ. ಅವರು ಮರ್ಯಾದೆಗೆ ನುಂಗಿ, ಆಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದರು.

ಕೊನೆಗೆ ಆಹಾರ ಇಳಿಸಲು ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿದರು. ಮಾಸ್ತರರು ಕಿತ್ತರು. ಮತ್ತೆ ಹಾಕಿ, ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ‘ಗೊಂದಲದಲ್ಲಿದ್ದಾರೆ, ಸುಮ್ಮನೆ ಕೈ ಆಡಿಸುತ್ತಾರೆ’ ಎಂದು ನರ್ಸ್ ಚಾರ್ಟಿನಲ್ಲಿ ಬರೆದಿದ್ದಳು. ನಾನು ಹೋಗಿ ನೋಡಿದೆ. ಕಟ್ಟಿದ ಬಲಗೈ ಅಂಗೈ ಕೆಳಗೆ ಮಾಡಿ ಮೇಲೇಳುತ್ತಿತ್ತು, ಬೀಳುತ್ತಿತ್ತು. ಗೊಂದಲವೆಲ್ಲಿ ಬಂತು? ಮಾಸ್ತರರು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅಷ್ಟು ದಿನ ಅದು ನನಗೇ ಕಾಣದೆ ಹೋಗಿದ್ದಕ್ಕೆ ನಾಚಿಕೆಯಾಯಿತು.

ಡಾಕ್ಟರನ್ನೂ ವಸಂತನನ್ನೂ ಹಾಸಿಗೆಯ ಬಳಿಗೆ ಕರೆತಂದೆ. ಡಾಕ್ಟರ ಮುಂದೆ ಎದುರಾಡುವ ಕಾಲವಲ್ಲ ಅದು. “ಇವರಿಗೆ ಭ್ರಮೆಯಿಲ್ಲ. ಊಟ ಮುಗಿಯಿತು ಎನ್ನುತ್ತಿದ್ದಾರೆ” ಎಂದೆ. ಅವರೆದುರಿಗೇ ಕೇಳಿದೆ: “ಮಾಸ್ತರ್ರೇ, ಇದು ಉಪಚಾರದ ಸಾಕಾ, ನಿಜವಾದ ಸಾಕಾ?”

ಮಾಸ್ತರರು ನಕ್ಕರು. “ಖರೇನ ಸಾಕವಾ. ಹೊಟ್ಟಿ ತುಂಬೇದ.” ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ವಸಂತ ಅಳತೊಡಗಿದ. “ಮಗನ ಮನ್ಯಾಗ ಉಪವಾಸ ಸತ್ರು ಅಂತಾರ್ರೀ. ಅವ್ವನ ಮುಂದ ಹ್ಯಾಂಗ ನಿಂದರ್ಲಿ?”

ಡಾಕ್ಟರು ಬಹಳ ಹೊತ್ತು ಮಾಸ್ತರರ ಕೈಯನ್ನೇ ನೋಡಿದರು. ಹೋಗುವ ದೇಹ ತಾನೇ ಊಟ ಬಿಡುತ್ತದೆ, ತುರುಕಿದರೆ ಹಿಂಸೆ, ಬಾಯಿ ಮಾತ್ರ ಒಣಗಬಾರದು ಎಂದು ವಸಂತನಿಗೆ ಮೆತ್ತಗೆ ಹೇಳಿದರು. ಟ್ಯೂಬ್ ತೆಗೆಸಿದರು. ಕಟ್ಟನ್ನು ಬಿಚ್ಚಿದವಳು ನಾನೇ.

ಮರುದಿನ ನನ್ನ ಮಾತಿನಂತೆ ವಸಂತ ಮನೆಯಿಂದ ಮಜ್ಜಿಗೆ ತಂದ. ಬಟ್ಟೆಯ ತುದಿ ಅದ್ದಿ ಅಪ್ಪನ ತುಟಿಗೆ ಒತ್ತಿದ. ಮಾಸ್ತರರು ಚಪ್ಪರಿಸಿದರು. ಇನ್ನೊಮ್ಮೆ ಒತ್ತಿದ. ಬಿಡುಗಡೆಯಾದ ಕೈ ನಿಧಾನವಾಗಿ ಮೇಲೆದ್ದು ಅಡ್ಡ ಬಂತು. ವಸಂತ ತಕ್ಷಣ ನಿಲ್ಲಿಸಿದ. ಆಗ ಮಾಸ್ತರರು, ಊಟ ಮುಗಿಸಿ ಏಳುವ ಅತಿಥಿ ಹೇಳುವಂತೆ, ಮಗನಿಗೆ ಹೇಳಿದರು: “ಅನ್ನದಾತಾ ಸುಖೀಭವ.”

ಮೂರನೆಯ ದಿನ ಹೋದರು. ಉಪವಾಸ ಹೋದರೆಂದು ವಸಂತ ಮತ್ತೆಂದೂ ಹೇಳಲಿಲ್ಲ. ಮಜ್ಜಿಗೆ ಕೊಟ್ಟ ದಿನದ ಚಾರ್ಟಿನಲ್ಲಿ ‘ಮಜ್ಜಿಗೆ, ಎರಡು ಹನಿ, ಊಟ ತೃಪ್ತಿಯಾಗಿದೆ’ ಎಂದು ನಾನು ಬರೆದಿದ್ದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಹೆಮ್ಮೆಯಿಂದ ಬರೆದ ಸಾಲು ಇನ್ನೊಂದಿಲ್ಲ.

ಇತ್ತ ಹೋಳಿಗೆ ಪ್ಲೇಟಿಗೆ ಇಳಿಯುವುದರಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಹದಿನಾಲ್ಕರ ಮೊಮ್ಮಗಳು ಫೋನಿನಿಂದ ತಲೆಯೆತ್ತಿ, “ಅಂಕಲ್, ನೋ. ಹರ್ ಹ್ಯಾಂಡ್ ಈಸ್ ಓವರ್ ದ ಪ್ಲೇಟ್” ಎಂದಳು. ಅವರು ಪೆಚ್ಚಾಗಿ ಮುಂದಕ್ಕೆ ಹೋದರು.

ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಕನ್ನಡದಲ್ಲಿ ನೆಟ್ಟಗೆ ನಾಲ್ಕು ಮಾತಾಡದ ಹುಡುಗಿ ನನ್ನ ಕೈಯನ್ನು ಓದಿದ್ದಳು. ನನ್ನ ಕೊನೆಗಾಲದಲ್ಲಿ ಈ ಕೈ ಇಲ್ಲಿ ಯಾರಿಗೆ ಅರ್ಥವಾದೀತು ಎಂದು ಎಷ್ಟೋ ದಿನದಿಂದ ಒಳಗೇ ಇದ್ದ ಹೆದರಿಕೆ ಅಲ್ಲೇ ಇಳಿದುಹೋಯಿತು. ಯಾವಾಗಲೂ ಮನಸ್ಸಿನಲ್ಲೇ ಹೇಳಿಕೊಳ್ಳುವ ‘ಅನ್ನದಾತಾ ಸುಖೀಭವ’ವನ್ನು ಅಂದು ಅವಳ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದೆ.